ರಾಯಚೂರಿನಿಂದ ಶಿಕಾಗೋಗೆ: ಟಿಕೆಟ್ ತೆಗೆಯುವ ಮೊದಲು

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಶಿಕಾಗೋಗೆ ಹೊಸದಾಗಿ ಬರುವವರು ಮೊದಲು ಕೇಳುವುದೇ "ಎಷ್ಟು ತಾಸಾಗುತ್ತೆ?" ಅಂತ. ಬೆಳಿಗ್ಗೆ 10ಕ್ಕೆ ಹೈದರಾಬಾದ್ ಬಿಟ್ಟು ಅದೇ ದಿನ ರಾತ್ರಿ 8ಕ್ಕೆ ಶಿಕಾಗೋ ಅಂತ ಟಿಕೆಟ್‌ನಲ್ಲಿ ಇದೆ ಅನ್ನಿ. ಹತ್ತೇ ತಾಸು ಅಂದುಕೊಳ್ಳಬೇಡಿ. ಅಲ್ಲಿರುವುದು ಆಯಾ ಊರಿನ ಸಮಯ. ಚಳಿಗಾಲದಲ್ಲಿ ಶಿಕಾಗೋ ನಮ್ಮ ಊರಿಗಿಂತ ಹನ್ನೊಂದೂವರೆ ತಾಸು ಹಿಂದೆ. ಅದನ್ನೂ ಕೂಡಿಸಿ, ಇಪ್ಪತ್ತೊಂದೂವರೆ ತಾಸಾಯಿತು. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಇಲ್ಲಿ ಶಿಕಾಗೋದಲ್ಲಿ ಗಡಿಯಾರ ಒಂದು ತಾಸು ಮುಂದಿಟ್ಟಿರುತ್ತಾರೆ. ಆಗ ಹತ್ತೂವರೆ ಕೂಡಿಸಿದರೆ ಸಾಕು.

ದೂರದ ವಿಷಯಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ. ಹೈದರಾಬಾದಿನಿಂದ ಶಿಕಾಗೋಗೆ ನೇರ ಅಳೆದರೆ ಸುಮಾರು 13,300 ಕಿ.ಮೀ. ಆ ದಾರಿ ಅಟ್ಲಾಂಟಿಕ್ ಕಡೆ ಹೋಗುವುದೇ ಇಲ್ಲ, ರಷ್ಯಾ ದಾಟಿ ಉತ್ತರ ಧ್ರುವದ ಕಡೆಯಿಂದ ಕೆನಡಾಕ್ಕೆ ಇಳಿಯುತ್ತೆ. ದುಬೈ ಮೇಲೆ ಬಂದರೆ ಅಲ್ಲಿವರೆಗೆ 2,550, ಮುಂದೆ 11,650. ಒಟ್ಟು 14,200. ಅಂದರೆ ಸುತ್ತು ಬರೀ 900 ಕಿ.ಮೀ., ವಿಮಾನಕ್ಕೆ ಒಂದು ತಾಸಿನ ದಾರಿ. ನಿಮ್ಮ ಹೊತ್ತು ತಿನ್ನುವುದು ನಡುವೆ ಕೂತು ಕಾಯುವುದು. ಹತ್ತು ಸಾವಿರ ರೂಪಾಯಿ ಉಳಿಯುತ್ತೆ ಅಂತ ಹನ್ನೆರಡು ತಾಸು ಕಾಯುವ ಟಿಕೆಟ್ ತೆಗೆಯಬೇಡಿ, ಅದರಲ್ಲೂ ವಯಸ್ಸಾದವರಿಗೆ.

ಹಾಗಂತ ಕಾಯುವುದು ತೀರಾ ಕಮ್ಮಿಯೂ ಇರಬಾರದು. ನ್ಯೂಯಾರ್ಕ್‌ನಲ್ಲೋ ಬೇರೆಲ್ಲೋ ಇಳಿದು ಶಿಕಾಗೋ ವಿಮಾನ ಹತ್ತುವುದಿದ್ದರೆ, ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್. ಸಾಮಾನ್ಯವಾಗಿ ಬ್ಯಾಗನ್ನೂ ಅಲ್ಲೇ ತಗೊಂಡು ಮತ್ತೆ ಹಾಕಬೇಕು. ಮೂರು ತಾಸಾದರೂ ಇಟ್ಟುಕೊಳ್ಳಿ. ಎಲ್ಲ ವಿಮಾನವೂ ಒಂದೇ ಟಿಕೆಟ್‌ನಲ್ಲಿರಲಿ.

ಇನ್ನು ಮನೆಯಿಂದ ಏರ್‌ಪೋರ್ಟ್. ರಾಯಚೂರಿನವರು ಬೆಂಗಳೂರಿಗೆ ಯಾಕೆ ಹೋಗುತ್ತಾರೋ ನನಗಂತೂ ಗೊತ್ತಾಗಲ್ಲ. ಶಕ್ತಿನಗರದ ಹತ್ತಿರ ಕೃಷ್ಣಾ ದಾಟಿ, ಮಖ್ತಲ್, ಮಹಬೂಬನಗರದ ಮೇಲೆ ಹೋದರೆ ಶಂಶಾಬಾದ್ ನಾಲ್ಕು ತಾಸು. ಹೈದರಾಬಾದ್ ಊರೊಳಗೆ ಕಾಲಿಡುವುದೇ ಬೇಡ, ಏರ್‌ಪೋರ್ಟ್ ಈಚೆಗೇ ಸಿಗುತ್ತೆ. ಬಳ್ಳಾರಿಯವರಿಗೆ ಬೆಂಗಳೂರೇ ಸರಿ. ಅನಂತಪುರದ ಮೇಲೆ ಬಂದರೆ ದೇವನಹಳ್ಳಿಯೂ ಊರಿಗಿಂತ ಮೊದಲೇ ಬರುತ್ತೆ. ಕೊಪ್ಪಳದವರಿಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಇದೆ, ಆದರೆ ರೈಲು ತಡವಾದರೂ ತೊಂದರೆಯಾಗದ ವಿಮಾನ ನೋಡಿಕೊಳ್ಳಿ. ಮೊದಲು ಹೇಳಿದ ಇಪ್ಪತ್ತೊಂದೂವರೆ ತಾಸಿಗೆ ರಾಯಚೂರಿನಿಂದ ದಾರಿ ನಾಲ್ಕು ತಾಸು, ಏರ್‌ಪೋರ್ಟಲ್ಲಿ ಮೂರು, ಇಳಿದ ಮೇಲೆ ಒಂದೂವರೆ ಸೇರಿಸಿದರೆ ಮನೆಯಿಂದ ಮನೆಗೆ ಮೂವತ್ತು ತಾಸು ಹಿಡಿಯಿರಿ.

ವಾಪಸ್ ಹೋಗುವಾಗ ಸ್ವಲ್ಪ ಬೇಗ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ವಿಮಾನವನ್ನು ತಳ್ಳುತ್ತೆ. ಆದರೆ ಕ್ಯಾಲೆಂಡರ್ ಉಲ್ಟಾ ಹೊಡೆಯುತ್ತೆ. ಶನಿವಾರ ರಾತ್ರಿ ಶಿಕಾಗೋ ಬಿಟ್ಟರೆ ಹೈದರಾಬಾದ್ ಮುಟ್ಟುವಷ್ಟರಲ್ಲಿ ಸೋಮವಾರ ನಸುಕು ಆಗಿರುತ್ತೆ. ಊರಿಗೆ ಫೋನ್ ಮಾಡಿದಾಗ "ಸೋಮವಾರ ಬರ್ತೀನಿ" ಅಂತಷ್ಟೇ ಹೇಳಬೇಡಿ. "ಭಾನುವಾರ ರಾತ್ರಿ ಊಟ ಮಾಡಿ ಕಾರು ತಗೊಂಡು ಹೊರಡ್ರಿ" ಅಂತ ಬಿಡಿಸಿ ಹೇಳಿ.