ನಾಗರಹೊಳೆಯಲ್ಲಿ ಜಿಂಕೆ, ಕಡವೆಗಳನ್ನು ಗಮನಿಸುವ ಕ್ರಮ

ಮೈಸೂರಿನಿಂದ ಎಚ್.ಡಿ. ಕೋಟೆಯ ಮಾರ್ಗವಾಗಿ ಕಬಿನಿ ಹಿನ್ನೀರಿನ ಕಾಡಿಗೆ ಸಫಾರಿ ಹೋಗುವವರು ಹುಲಿಗಾಗಿ ಹಂಬಲಿಸುವ ಮೊದಲು ಜಿಂಕೆಯನ್ನು ನೋಡಲು ಕಲಿಯಬೇಕು. ಹುಲಿಯ ಸುಳಿವು ಕೊಡುವುದೂ ಅನೇಕ ವೇಳೆ ಅದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳ ಬೇಟೆ ಅಪರಾಧ.

ಬೇಸಿಗೆಯಲ್ಲಿ ಹಿನ್ನೀರು ಇಳಿದು ತೆರೆದುಕೊಂಡ ನೆಲದಲ್ಲಿ ಎಳೆಹುಲ್ಲು ಚಿಗುರುವುದರಿಂದ ಚುಕ್ಕೆ ಜಿಂಕೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ಮುಸುವಗಳು ಕುಳಿತ ಮರದ ಬುಡವನ್ನೂ ತಪ್ಪದೆ ನೋಡಿ, ಏಕೆಂದರೆ ಅವು ಉದುರಿಸುವ ಎಲೆ, ಕಾಯಿಗಳಿಗಾಗಿ ಜಿಂಕೆಗಳು ಕೆಳಗೆ ಕಾದಿರುತ್ತವೆ. ಕಡವೆ ಹಾಗಲ್ಲ, ಅದು ದಟ್ಟ ನೆರಳಿನಲ್ಲಿ ಅಲುಗದೆ ನಿಲ್ಲುವ ಕಾರಣ, ಇಡೀ ಪ್ರಾಣಿಯನ್ನು ಹುಡುಕದೆ ನೊಣ ಓಡಿಸುವ ಅಗಲವಾದ ಕಿವಿಯನ್ನು ಹುಡುಕಬೇಕು.

ಮೇಯುತ್ತಿದ್ದ ಜಿಂಕೆ ತಟ್ಟನೆ ತಲೆಯೆತ್ತಿ, ಎರಡೂ ಕಿವಿಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ಮುಂಗಾಲನ್ನು ನೆಲಕ್ಕೆ ಬಡಿದರೆ, ಎಂಜಿನ್ ನಿಲ್ಲಿಸುವಂತೆ ಚಾಲಕರನ್ನು ಕೇಳಿಕೊಳ್ಳಿ. ಜಿಂಕೆ ಸಣ್ಣ ಸದ್ದಿಗೂ ಬೆದರಿ ಕೂಗುವುದುಂಟು. ಕಡವೆಯ ಗಡುಸಾದ ಕೂಗು ಮತ್ತೆ ಮತ್ತೆ ಕೇಳಿಬಂದರೆ ಅದನ್ನು ಹೆಚ್ಚು ನಂಬಬಹುದು. ಆಗ ಬೈನಾಕ್ಯುಲರನ್ನು ಕೂಗಿದ ಪ್ರಾಣಿಯ ಮೇಲಲ್ಲ, ಅದು ದಿಟ್ಟಿಸುತ್ತಿರುವ ಪೊದೆಯ ಕಡೆಗೆ ಹಿಡಿಯಿರಿ.