ತವರಿಗೆ ಹೊರಡುವ ಮುಂಚೆ ಎರಡನೇ ಟಿಡಿ

ಬಸುರಿಯರಿಗೆ ಹಾಕುವ ಸೂಜಿಯನ್ನು ತುಮಕೂರು ಕಡೆ ಈಗಲೂ ಟಿಟಿ ಅನ್ನುವವರೇ ಹೆಚ್ಚು. ಈಗ ಕೊಡುತ್ತಿರುವುದು ಟಿಡಿ. ಧನುರ್ವಾಯುವಿನ ಜೊತೆಗೆ ಗಂಟಲುಮಾರಿಯನ್ನೂ ತಡೆಯುತ್ತದೆ.

ಬಸುರಿ ಎಂದು ಖಚಿತವಾದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿ, ಮೊದಲ ಡೋಸ್ ಹಾಕಿಸಿಕೊಳ್ಳಿ. ಅರ್ಧ ಎಂ.ಎಲ್., ತೋಳಿನ ಮೇಲ್ಭಾಗಕ್ಕೆ. ಎರಡನೆಯದು ನಾಲ್ಕು ವಾರದ ನಂತರ: ಗುರುವಾರ ಹಾಕಿಸಿಕೊಂಡಿದ್ದರೆ ಅದನ್ನು ಬಿಟ್ಟು ಮುಂದಿನ ನಾಲ್ಕನೇ ಗುರುವಾರ. ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಾಕಿ ಉಳಿದದ್ದನ್ನು ಹಾಕಿಸಿದರೆ ಸಾಕು. ಹಿಂದಿನ ಬಸಿರಿನಲ್ಲಿ ಎರಡೂ ಆಗಿ ಮೂರು ವರ್ಷ ದಾಟಿಲ್ಲವೇ? ಈ ಸಲ ಒಂದೇ ಬೂಸ್ಟರ್. ಅದಕ್ಕೇ ಹಳೆಯ ಕಾರ್ಡ್ ಎಸೆಯಬೇಡಿ.

ಎಡವಟ್ಟಾಗುವುದು ಸೀಮಂತದ ಹೊತ್ತಿಗೆ. ಪಾವಗಡದ ಸೊಸೆ ಗೌರಿಬಿದನೂರಿನ ತವರಿಗೆ ಹೊರಡುತ್ತಾಳೆ, ಸೀರೆ ಬಳೆ ಎಲ್ಲ ಗಂಟು ಕಟ್ಟುತ್ತಾರೆ, ಕಾರ್ಡ್ ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. "ಅಲ್ಲೇ ಹಾಕಿಸ್ಕೊಂಡರಾಯ್ತು ಬಿಡಮ್ಮ" ಅನ್ನುವುದರಲ್ಲಿ ಎರಡನೇ ಡೋಸ್ ತಪ್ಪುತ್ತದೆ. ತಾಯಿಯ ಮೈಯಲ್ಲಿ ರೋಗನಿರೋಧಕ ಶಕ್ತಿ ಬೆಳೆದು ಮಾಸಿನ ಮೂಲಕ ಮಗುವಿಗೆ ಇಳಿಯಲು ಹೆರಿಗೆಗೆ ಮುಂಚೆ ಕನಿಷ್ಠ ಎರಡು ವಾರವಾದರೂ ಬೇಕು. ಆದ್ದರಿಂದ 36 ವಾರದೊಳಗೆ ಮುಗಿಸಿಕೊಳ್ಳಿ. ಅದು ದಾಟಿದ್ದರೂ ಬಿಡಬೇಡಿ. ಹೆರಿಗೆ ನೋವು ಬಂದಾಗಲೂ ಹಾಕುತ್ತಾರೆ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆಸುತ್ತು ಬರಬಹುದು. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ತೋಳು ಒಂದೆರಡು ದಿನ ನೋಯುತ್ತದೆ. ತಿಕ್ಕಬೇಡಿ, ತಣ್ಣೀರ ಬಟ್ಟೆ ಇಟ್ಟರೆ ಸಾಕು.

ಫ್ಲೂ ಲಸಿಕೆಯನ್ನು ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು, ಆದರೆ ಸೂಜಿಯದ್ದೇ ಆಗಬೇಕು, ಮೂಗಿಗೆ ಸಿಂಪಡಿಸುವುದು ಬೇಡ. ನಾಯಿಕೆಮ್ಮನ್ನೂ ತಡೆಯುವ ಟಿಡ್ಯಾಪ್‌ಗೆ 27ರಿಂದ 36ನೇ ವಾರ ಸರಿಯಾದ ಹೊತ್ತು. ಎರಡನೇ ಟಿಡಿಯ ಬದಲಿಗೆ ಇದನ್ನೇ ಹಾಕಿಸಬಹುದೇ ಎಂದು ವೈದ್ಯರನ್ನು ಕೇಳಿ. ರುಬೆಲ್ಲಾ, ಸಿಡುಬಮ್ಮ (ಚಿಕನ್‌ಪಾಕ್ಸ್) ಲಸಿಕೆಗಳಲ್ಲಿ ಜೀವಂತ ವೈರಸ್ ಇರುವುದರಿಂದ ಬಸಿರಿನಲ್ಲಿ ಬೇಡವೇ ಬೇಡ.

ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಬೀಳಬೇಕು. ಬಿಸಿಜಿ (ಕ್ಷಯದ ಲಸಿಕೆ), ಪೋಲಿಯೊ ಹನಿಯನ್ನೂ ಆಸ್ಪತ್ರೆ ಬಿಡುವ ಮುಂಚೆಯೇ ಕೇಳಿ ಹಾಕಿಸಿ. ಹೊಕ್ಕುಳಬಳ್ಳಿಗೆ ಬೂದಿ, ಸಗಣಿ, ಅರಿಶಿನ, ಎಣ್ಣೆ ಏನನ್ನೂ ಹಚ್ಚಬೇಡಿ. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣು, ಸಗಣಿಯಲ್ಲಿ. ಒಣಗಿ ತಾನಾಗಿ ಉದುರುವವರೆಗೆ ಹಾಗೇ ಬಿಡಿ.