ನೆಲದ ಮೇಲೆ ಕುಳಿತು ಮೊಲವನ್ನು ಸಾಕಿದ ಬಗೆ

ಮೊಲವನ್ನು ಪಂಜರದಲ್ಲಿ ಕೂಡಿಡದೆ ಮನೆಯೊಳಗೆ ಓಡಾಡಲು ಬಿಟ್ಟು ಸಾಕುತ್ತಿರುವ ನಾನು ಅದರ ಬಗ್ಗೆ ಕಲಿತದ್ದೆಲ್ಲವೂ ಒಂದೇ ಸಂಗತಿಯಿಂದ ಹೊರಡುತ್ತದೆ: ಮೊಲವು ಇತರ ಪ್ರಾಣಿಗಳಿಗೆ ಆಹಾರವಾಗುವ ಜೀವಿ. ಬೇಟೆಯಾಡುವ ಕುಲದ ನಾಯಿ, ಬೆಕ್ಕುಗಳನ್ನು ಸಾಕಿ ರೂಢಿಯಾದವರು ಅದೇ ಸಲಿಗೆಯಿಂದ ಮೊಲವನ್ನೂ ಎತ್ತಿಕೊಳ್ಳಲು ಹೋಗುತ್ತಾರೆ. ಮೇಲಿನಿಂದ ಬಂದು ಮೈ ಹಿಡಿಯುವ ಕೈಗೂ ಹದ್ದಿನ ಉಗುರಿಗೂ ಮೊಲದ ಪಾಲಿಗೆ ವ್ಯತ್ಯಾಸವಿಲ್ಲ.

ಆದ್ದರಿಂದ ಮೊಲ ಮನೆಗೆ ಬಂದ ಆರಂಭದ ದಿನಗಳಲ್ಲಿ ನಾನು ಅದನ್ನು ಮುಟ್ಟಲು ಪ್ರಯತ್ನಿಸದೆ, ನೆಲದ ಮೇಲೆ ಕಾಲು ಚಾಚಿ ಕುಳಿತು ಓದಿಕೊಳ್ಳುತ್ತಿದ್ದೆ. ಮೊದಮೊದಲು ಅದು ಮಂಚದ ಕೆಳಗೇ ಇರುತ್ತಿತ್ತು. ಬಳಿಕ ಯಾವ ಕ್ಷಣದಲ್ಲಾದರೂ ಓಡಿಹೋಗಲು ಅನುವಾಗುವಂತೆ ಹಿಂಗಾಲುಗಳನ್ನು ಇದ್ದಲ್ಲೇ ಊರಿ, ಮುಂದಿನ ಮೈಯನ್ನಷ್ಟೇ ಚಾಚಿ ನನ್ನ ಪಾದವನ್ನು ಮೂಸತೊಡಗಿತು. ಕೊನೆಗೆ ಕಾಲನ್ನೇರಿ ಆಚೆಗೆ ದಾಟಿಹೋಗುವಷ್ಟು ಧೈರ್ಯ ಬಂತು. ಕಣ್ಣುಗಳು ತಲೆಯ ಎರಡೂ ಬದಿಗಳಲ್ಲಿರುವುದರಿಂದ ಮೊಲಕ್ಕೆ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಾಣುತ್ತದೆ, ಆದರೆ ಮೂಗಿನ ನೇರ ಮುಂದಿನ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಹೀಗಾಗಿ ನಾನು ಕೈಯನ್ನು ಪಕ್ಕದಿಂದ ತಂದು ಹಣೆಯನ್ನು ಸವರುತ್ತೇನೆ. ಹಿತವಾದಾಗ ಅದು ತಲೆಯನ್ನು ನೆಲಕ್ಕೊತ್ತಿ ಹಲ್ಲುಗಳನ್ನು ಮೆಲ್ಲಗೆ ಮಸೆಯುತ್ತದೆ. ನೋವಿದ್ದಾಗಲೂ ಹಲ್ಲು ಕಡಿಯುವುದುಂಟು, ಆದರೆ ಆಗ ಸದ್ದು ಗಟ್ಟಿಯಾಗಿರುತ್ತದೆ, ಮೈ ಮುದುರಿರುತ್ತದೆ. ಎತ್ತಿಕೊಳ್ಳಲೇಬೇಕಾದ ಸಂದರ್ಭದಲ್ಲಿ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಆಸರೆಯಾಗಿರಬೇಕು. ಮೊಲದ ಮೂಳೆಗಳು ಹಗುರ, ಹಿಂಗಾಲಿನ ಸ್ನಾಯುಗಳು ಬಲು ಬಲಿಷ್ಠ, ಜೋತಾಡಿಸಿ ಹಿಡಿದರೆ ಒದೆಯುವ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಕಿವಿ ಹಿಡಿದು ಎತ್ತುವವರನ್ನು ಕಂಡರೆ ನಾನು ತಡೆಯದೆ ಬಿಡುವುದಿಲ್ಲ.

ಆಹಾರದ ವಿಷಯದಲ್ಲಿ ಚಿತ್ರಗಳು ಕಲಿಸಿದ್ದನ್ನು ಬದಿಗಿಡಬೇಕು. ಕ್ಯಾರೆಟ್‌ನಲ್ಲಿ ಸಕ್ಕರೆಯ ಅಂಶ ಹೆಚ್ಚಿರುವುದರಿಂದ ನಾನು ಅದನ್ನು ಅಪರೂಪಕ್ಕೆ ಒಂದು ಚೂರಷ್ಟೇ ಕೊಡುತ್ತೇನೆ. ಮೊಲದ 28 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ, ಅವು ಸವೆಯಬೇಕಾದರೆ ನಾರುಳ್ಳ ಒಣಹುಲ್ಲನ್ನು ದಿನವಿಡೀ ಜಗಿಯಬೇಕು. ಅದರ ಕರುಳು ಚಲಿಸುತ್ತಿರುವುದೂ ಆ ನಾರಿನಿಂದಲೇ. ಹುಲ್ಲು ಮೆಲ್ಲುತ್ತಲೇ ಹಿಕ್ಕೆ ಹಾಕುವುದು ಮೊಲದ ಸ್ವಭಾವವಾದ್ದರಿಂದ, ಅದು ತಾನಾಗಿ ಆರಿಸಿಕೊಂಡ ಮೂಲೆಯಲ್ಲಿ ಅಗಲವಾದ ತಟ್ಟೆಯಿಟ್ಟು, ಹುಲ್ಲಿನ ಬುಟ್ಟಿಯನ್ನು ಅದಕ್ಕೆ ತಾಗಿಸಿ ಇರಿಸಿದೆ. ಮನೆಯ ಸ್ವಚ್ಛತೆಗೆ ಬೇರೆ ಯಾವ ಪಾಠವೂ ಬೇಕಾಗಲಿಲ್ಲ.

ಪ್ರತಿದಿನ ಬೆಳಿಗ್ಗೆ ನಾನು ಮೊದಲು ನೋಡುವುದು ಆ ತಟ್ಟೆಯನ್ನೇ. ಹಿಕ್ಕೆಗಳು ದುಂಡಗೆ, ಒಂದೇ ಗಾತ್ರದಲ್ಲಿ, ಮುರಿದರೆ ಒಳಗೆ ಹುಲ್ಲಿನ ನಾರು ಕಾಣುವಂತಿದ್ದರೆ ಮೊಲ ಆರೋಗ್ಯವಾಗಿದೆ ಎಂದರ್ಥ. ಇವುಗಳಲ್ಲದೆ ಪುಟ್ಟ ದ್ರಾಕ್ಷಿ ಗೊಂಚಲಿನಂತಹ ಮೆತ್ತನೆಯ ಹಿಕ್ಕೆಯೂ ಒಂದುಂಟು. ಅದನ್ನು ಮೊಲ ನೇರವಾಗಿ ಗುದದ್ವಾರದಿಂದಲೇ ತಿಂದು, ಮೊದಲ ಸಲ ಜೀರ್ಣವಾಗದ ಪೋಷಕಾಂಶಗಳನ್ನು ಪಡೆಯುತ್ತದೆ. ಇದನ್ನು ಕಂಡು ಹೇಸಿಕೊಂಡು ತಡೆಯಬಾರದು. ಹಿಕ್ಕೆ ಸಣ್ಣದಾದರೆ, ವಿರಳವಾದರೆ, ಮೊಲ ಮೇವು ಬಿಟ್ಟು ಮೂಲೆ ಹಿಡಿದರೆ ನಾನು ಮರುದಿನದವರೆಗೆ ಕಾಯದೆ ಪಶುವೈದ್ಯರ ಬಳಿಗೆ ಹೋಗುತ್ತೇನೆ. ದುರ್ಬಲವಾಗಿ ಕಂಡ ಪ್ರಾಣಿಯೇ ಮೊದಲು ಬೇಟೆಗೆ ಸಿಗುವುದರಿಂದ ಮೊಲವು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಅದಕ್ಕೆ ವಾಂತಿ ಮಾಡುವ ಸಾಮರ್ಥ್ಯವೂ ಇಲ್ಲ. ಕರುಳು ನಿಂತಿತೆಂದರೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು.

ಹತ್ತಿರದಿಂದ ಇಷ್ಟನ್ನು ಬೇಡುವ ಪ್ರಾಣಿಯನ್ನು ಮನುಷ್ಯ ಬಹುಮಟ್ಟಿಗೆ ದೂರದಿಂದಲೇ ನೋಡಿದ್ದಾನೆ ಎಂದು ನನಗನ್ನಿಸುತ್ತದೆ. ಭಾರತ, ಚೀನಾ, ಜಪಾನ್‌ಗಳ ಜನರೂ ಮೆಕ್ಸಿಕೋದ ಅಜ್ಟೆಕರೂ ಚಂದ್ರನ ಕಲೆಗಳಲ್ಲಿ ಮೊಲವನ್ನು ಕಂಡರು. ಕಥೆಗಾರರು ಅದರಿಂದ ಸಿಂಹವನ್ನು ಬಾವಿಗೆ ಬೀಳಿಸಿದರು. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಬೇಟೆಯ ವಿನೋದಕ್ಕೆಂದು ಯುರೋಪಿನ ಮೊಲಗಳನ್ನು ತಂದು ಬಿಟ್ಟರು, ಅವು ಖಂಡದ ಬಹುಭಾಗವನ್ನು ತುಂಬಿದಾಗ 1950ರಲ್ಲಿ ಬೇಕೆಂದೇ ವೈರಸ್ ಹರಡಿ ಕೊಂದರು. 1885ರಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಬಾಲಕನಿಗೆ ಕೊಟ್ಟ ಲಸಿಕೆ ಸಿದ್ಧವಾದದ್ದು, ಸೋಂಕು ತಗುಲಿಸಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ. ಆ ಋಣವನ್ನು ನೆನೆಯುವವರು ಕಡಿಮೆ.

ಮಕ್ಕಳಿಗೆ ಆಟಕ್ಕೆಂದು ಮೊಲ ತರಬಹುದೇ ಎಂದು ಕೇಳುವವರಿಗೆ ನಾನು ಎರಡು ವಿಷಯ ತಿಳಿಸುತ್ತೇನೆ. ಚೆನ್ನಾಗಿ ನೋಡಿಕೊಂಡ ಮೊಲ ಎಂಟು, ಹತ್ತು ವರ್ಷ ಬದುಕುತ್ತದೆ, ಅಂದರೆ ಮಗು ಬೆಳೆದು ಆಸಕ್ತಿ ಬದಲಾದ ಮೇಲೂ ಹುಲ್ಲು ಹಾಕಿ ತಟ್ಟೆ ನೋಡುವ ಕೆಲಸ ಹಿರಿಯರದಾಗಿರುತ್ತದೆ. ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ಬಹಳ ಸಾಮಾನ್ಯವಾದ್ದರಿಂದ, ಮೊಲಗಳ ಚಿಕಿತ್ಸೆ ಬಲ್ಲ ವೈದ್ಯರನ್ನು ಮೊದಲೇ ಹುಡುಕಿಕೊಂಡು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಇವೆರಡಕ್ಕೂ ಒಪ್ಪಿದವರ ಮನೆಗೆ ನಾನೇ ಹೋಗಿ, ಮಗುವನ್ನು ನೆಲದ ಮೇಲೆ ಕೂರಿಸಿ, ಮೊಲ ತಾನಾಗಿ ಬರುವವರೆಗೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿರುವುದನ್ನು ಹೇಳಿಕೊಟ್ಟು ಬರುತ್ತೇನೆ.